ಸಣ್ಣ ಆಟ, ದೊಡ್ಡ ಪೆಟ್ಟಿಗೆ

ಕುರುಬರಹಳ್ಳಿಯ ನಮ್ಮ ಮನೆಗೆ ಕಳೆದ ತಿಂಗಳು ಒಂದು ಸಂಜೆ ತಾಯಿ ಮಗ ಇಬ್ಬರೂ ಬಂದರು. ಮಗ ನನ್ನ ಹಳೆಯ ಶಿಷ್ಯ. ಷಟ್ಪದಿಗೆ ಪ್ರಸ್ತಾರ ಹಾಕೆಂದು ಹಲಗೆಯ ಬಳಿಗೆ ಕರೆದರೆ, ಲಘು ಗುರುಗಳನ್ನೆಲ್ಲ ಸರಿಯಾಗಿ ಗುರುತಿಸಿ, ಮೂಲೆಯಲ್ಲಿ ಒಂದು ಬೆಕ್ಕಿನ ಚಿತ್ರವನ್ನೂ ಬರೆದು ಬರುತ್ತಿದ್ದ ಹುಡುಗ. ಈಗ ಅವನಿಗೆ ಇಪ್ಪತ್ತೆಂಟು ವರ್ಷ. ತಂದೆ ಮಾಗಡಿ ರಸ್ತೆಯ ಕಡೆ ಪವರ್‌ಲೂಮ್ ಶೆಡ್ಡೊಂದರಲ್ಲಿ ದುಡಿದು ತೀರಿಕೊಂಡವರು. ತಾಯಿ ಮನೆಯಲ್ಲಿಯೇ ಬಟ್ಟೆ ಹೊಲಿದು ಮಗನನ್ನು ಓದಿಸಿದಾಕೆ. ಹುಡುಗ ಮೂವರು ಗೆಳೆಯರೊಡನೆ ಸೇರಿ ಎರಡೂವರೆ ವರ್ಷಗಳಿಂದ ಒಂದು ವಿಡಿಯೋ ಆಟವನ್ನು ಕಟ್ಟುತ್ತಿದ್ದಾನೆ. ಅದು ಮಗ್ಗದ ಆಟ. ಆಡುವವನು ಲಾಳಿಯನ್ನು ಅತ್ತಿತ್ತ ಓಡಿಸಿ ಹಾಸಿನ ನೂಲಿಗೆ ಹೊಕ್ಕನ್ನು ಸೇರಿಸಬೇಕು; ನೇಯ್ಗೆ ಸರಿಬಿದ್ದರೆ ಬಾಗಿಲು ತೆರೆಯುತ್ತದೆ, ಮುಂದಿನ ಕಥೆ ಬರುತ್ತದೆ. ಈ ಕೆಲಸಕ್ಕಾಗಿ ತಾಯಿಯ ಎರಡು ಜೊತೆ ಬಳೆಗಳು ಬ್ಯಾಂಕಿನಲ್ಲಿ ಅಡವಾಗಿವೆ.

ಆಟದ ಯಂತ್ರಗಳನ್ನು ಮಾಡುವ ಒಂದು ದೊಡ್ಡ ಕಂಪನಿಯ ಕಡೆಯಿಂದ ಈಗ ಮಾತು ಬಂದಿದೆಯಂತೆ. ಮುಂಗಡ ಹಣ ಕೊಡುತ್ತೇವೆ, ಆದರೆ ಒಂದು ವರ್ಷ ಕಾಲ ನಿಮ್ಮ ಆಟ ನಮ್ಮ ಪೆಟ್ಟಿಗೆಯಲ್ಲಿ ಮಾತ್ರ ಇರತಕ್ಕದ್ದು ಎಂದು.

ಹುಡುಗನಿಗೆ ಹಿಗ್ಗು. "ನಮ್ಮಂಥೋರ ಆಟ ಇದ್ರೇನೇ ಸಾರ್ ಅವರ ಕನ್ಸೋಲ್ ಮಾರಾಟ ಆಗೋದು. ಇಲ್ಲದಿದ್ರೆ ಯಾಕೆ ಕೇಳ್ತಿದ್ರು?" ಎಂದ.

ತಾಯಿಯದು ಬೇರೆ ಲೆಕ್ಕ. "ಅದೇನೋ ಐವತ್ತು ಸಾವಿರದ ಡಬ್ಬಿಯಂತೆ ಮೇಷ್ಟ್ರೇ. ನಮ್ಮ ಬೀದಿಯಲ್ಲಿ ಒಬ್ಬರ ಮನೇಲೂ ಇಲ್ಲ. ಇವನ ಆಟ ಆಡೋರು ಯಾರು?"

ಎಂಟು ದಿನ ಸಮಯ ಕೊಡಿ ಎಂದೆ. ಗದುಗಿನ ಭಾರತಕ್ಕೆ ಅರ್ಥ ಹೇಳುವ ಪಂಡಿತನಿಗೆ ಈ ವ್ಯವಹಾರದಲ್ಲಿ ಏನು ತಿಳಿದೀತು ಎಂದು ನೀವು ನಗಬಹುದು. ನನಗೂ ನಗು ಬಂದಿತು. ಆದರೆ ಶಿಷ್ಯನ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕದೆ ಇರುವುದಾದರೂ ಹೇಗೆ? ಓದಿ, ಅಂಗಡಿಗಳಿಗೆ ಹೋಗಿ, ತರಗತಿಯ ಹುಡುಗರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಈ ವ್ಯಾಪಾರದ ರೀತಿ ರೇಡಿಯೋ ಕೇಳುವ ನಮಗೆ ಮೊದಲಿಗೆ ವಿಚಿತ್ರವಾಗಿಯೇ ಕಾಣುತ್ತದೆ. ಮರ್ಫಿ ಸೆಟ್ಟಿನಲ್ಲಿ ಬೆಂಗಳೂರು ನಿಲಯ ಮಾತ್ರ ಕೇಳಿಸುವುದು, ಧಾರವಾಡ ಬೇಕಾದರೆ ಫಿಲಿಪ್ಸ್ ಸೆಟ್ಟನ್ನೇ ಕೊಳ್ಳಬೇಕು ಎಂದು ಯಾರಾದರೂ ಕಟ್ಟಳೆ ಮಾಡಿದ್ದರೆ ಹೇಗಿರುತ್ತಿತ್ತು? ವಿಡಿಯೋ ಆಟದ ಲೋಕದಲ್ಲಿ ಇರುವುದು ಹೆಚ್ಚು ಕಡಿಮೆ ಅದೇ ಕಟ್ಟಳೆ. ಸೋನಿಯವರ ಪ್ಲೇಸ್ಟೇಷನ್ ಒಂದು, ಮೈಕ್ರೋಸಾಫ್ಟಿನವರ ಎಕ್ಸ್‌ಬಾಕ್ಸ್ ಒಂದು, ನಿಂಟೆಂಡೋದವರ ಸ್ವಿಚ್ ಒಂದು. ಬಹುಪಾಲು ಆಟಗಳು ಎಲ್ಲದರಲ್ಲಿಯೂ ಸಿಕ್ಕುತ್ತವೆ. ಕೆಲವನ್ನು ಮಾತ್ರ ಒಂದೊಂದು ಪೆಟ್ಟಿಗೆಗೆ ಕಟ್ಟಿಹಾಕಿರುತ್ತಾರೆ. ಇಂಥವನ್ನು ನಾನು ಮೀಸಲು ಆಟಗಳೆಂದು ಕರೆಯುತ್ತೇನೆ. ಮೀಸಲು ಎಂದರೆ ಈಗ ಬಸ್ಸಿನ ಸೀಟು, ಸರ್ಕಾರಿ ಕೆಲಸಗಳೇ ನೆನಪಿಗೆ ಬರುತ್ತವೆ. ಆದರೆ ದೇವರಿಗೆಂದು ತೆಗೆದಿಟ್ಟು ಬೇರೆಯವರು ಮುಟ್ಟದಂತೆ ಕಾಪಾಡಿದ ಎಣ್ಣೆ ಬೆಣ್ಣೆಗಳಿಗೂ ನಮ್ಮ ಹಳ್ಳಿಗಳಲ್ಲಿ ಮೀಸಲು ಎಂದೇ ಹೆಸರು. ಇಲ್ಲಿ ದೇವರು ಕಂಪನಿ, ಅಷ್ಟೆ.

ಹಾಗೆ ನೋಡಿದರೆ ರೇಡಿಯೋದಲ್ಲಿಯೂ ಮೀಸಲು ಎನ್ನುವುದು ಇಲ್ಲದೆ ಇರಲಿಲ್ಲ. 1952ರಲ್ಲಿ ಆಕಾಶವಾಣಿಯವರು ಸಿನಿಮಾ ಹಾಡುಗಳನ್ನು ಹೊರಗಿಟ್ಟಾಗ ಕೇಳುಗರು ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ವಾರಕ್ಕೊಮ್ಮೆ ಬರುತ್ತಿದ್ದ ಬಿನಾಕಾ ಗೀತಮಾಲಾ ಎಂಬ ಕಾರ್ಯಕ್ರಮಕ್ಕೆ ದೇಶವೇ ಕಿವಿಗೊಟ್ಟಿತು. ನಮ್ಮ ಅಜ್ಜ ಸೆಟ್ಟು ಕೊಳ್ಳಲು ಹೋದಾಗ ಅಂಗಡಿಯವನು ಮೊದಲು ಹೇಳಿದ ಮಾತೇ "ಇದರಲ್ಲಿ ಶಾರ್ಟ್‌ವೇವ್ ಇದೆ ಸ್ವಾಮಿ, ಸಿಲೋನ್ ಬರುತ್ತೆ" ಎಂದು. ಅಜ್ಜನಿಗೆ ಬೇಕಾಗಿದ್ದದ್ದು ವಾರ್ತೆ ಮತ್ತು ಸಂಗೀತ ಕಚೇರಿ. ಆದರೂ ನಾಲ್ಕು ಕಾಸು ಹೆಚ್ಚು ಕೊಟ್ಟು ಶಾರ್ಟ್‌ವೇವ್ ಸೆಟ್ಟನ್ನೇ ತಂದರು; ಮನೆಯಲ್ಲಿ ಇಬ್ಬರು ಹರೆಯದ ಅತ್ತೆಯರಿದ್ದರು. ಆಕಾಶವಾಣಿಯವರೂ ಸುಮ್ಮನಿರಲಿಲ್ಲ, 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಹೊರಡಿಸಿದರು. ಒಂದು ಸಣ್ಣ ಕಾರ್ಯಕ್ರಮ ಅಷ್ಟು ಮಾಡಿತು. ಆದರೆ ಅಜ್ಜನ ಸೆಟ್ಟನ್ನು ಮಾರಿದ್ದು ಬಿನಾಕಾ ಎನ್ನಲು ನನ್ನಿಂದಾಗದು. ಸೆಟ್ಟು ಹೇಗೂ ಬರುವುದಿತ್ತು. ಯಾವ ಸೆಟ್ಟು ಎಂಬುದನ್ನು ಅದು ತೀರ್ಮಾನಿಸಿತು. ಈ ಭೇದವನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಪೆಟ್ಟಿಗೆಗಳಿಗೆ ಬರೋಣ. ಒಂದು ಆಟ ಪೆಟ್ಟಿಗೆಯನ್ನು ಮಾರಿದ ಪ್ರಸಂಗಗಳು ಖಂಡಿತವಾಗಿ ಉಂಟು. ಅಮೆರಿಕದ ಅಟಾರಿ ಕಂಪನಿಯ ಯಂತ್ರ 1977ರಲ್ಲಿ ಹೊರಟಿತು. 1980ರಲ್ಲಿ ಅದಕ್ಕೆ ಸ್ಪೇಸ್ ಇನ್ವೇಡರ್ಸ್ ಎಂಬ ಆಟ ಬಂದ ಮೇಲೆ ಯಂತ್ರದ ಮಾರಾಟ ನಾಲ್ಕು ಪಟ್ಟಾಯಿತೆಂದು ಈ ಉದ್ಯಮದ ಚರಿತ್ರೆ ಬರೆದವರು ಹೇಳುತ್ತಾರೆ. ಆದರೆ ಅದು ಆಗಲೇ ಎರಡು ವರ್ಷಗಳಿಂದ ಜಪಾನಿನ ಮತ್ತು ಅಮೆರಿಕದ ಆಟದಂಗಡಿಗಳಲ್ಲಿ ಜನರನ್ನು ಮರುಳು ಮಾಡಿದ್ದ ಆಟ. ಗಾತ್ರದಲ್ಲಿ ಸಣ್ಣದು, ಕೀರ್ತಿಯಲ್ಲಿ ಸಣ್ಣದಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಟೆಟ್ರಿಸ್ ಕಥೆ. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಿ ಪಜಿಟ್ನೋವ್ ಎಂಬಾತ ಬಿಡುವಿನಲ್ಲಿ ಕಟ್ಟಿದ ಆಟ ಅದು. ಮೇಲಿನಿಂದ ಬೀಳುವ ತುಂಡುಗಳನ್ನು ತಿರುಗಿಸಿ ಸಾಲು ಕೂಡಿಸುವುದು, ಇಷ್ಟೇ. ಒಂದೊಂದು ತುಂಡಿನಲ್ಲಿಯೂ ನಾಲ್ಕು ಚೌಕ. ಅದಕ್ಕಾಗಿಯೇ ಗ್ರೀಕಿನ 'ಟೆಟ್ರಾ' ಎಂಬ ಹೆಸರು. ನಮ್ಮ ಸಂಸ್ಕೃತದ 'ಚತುರ್' ಶಬ್ದಕ್ಕೂ ಅದಕ್ಕೂ ಬೇರು ಒಂದೇ. (ಪಂಡಿತನಿಗೆ ಇಷ್ಟಾದರೂ ಸಲಿಗೆ ಕೊಡಬೇಕು.) ನಿಂಟೆಂಡೋದವರು 1989ರಲ್ಲಿ ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರವನ್ನು ತಂದಾಗ, ಅದರೊಡನೆ ತಮ್ಮದೇ ಆದ ಮಾರಿಯೋ ಆಟವನ್ನು ಕೊಡುವ ಯೋಚನೆಯಲ್ಲಿದ್ದರು. ಹೆಂಕ್ ರೋಜರ್ಸ್ ಎಂಬ ವ್ಯಾಪಾರಿ ಅಡ್ಡ ಬಂದು ವಾದಿಸಿದ: ಹುಡುಗರಿಗೆ ಮಾತ್ರ ಮಾರಬೇಕಾದರೆ ಮಾರಿಯೋ ಕೊಡಿ, ಎಲ್ಲರಿಗೂ ಮಾರಬೇಕಾದರೆ ಟೆಟ್ರಿಸ್ ಕೊಡಿ. ಅಮೆರಿಕ ಯೂರೋಪುಗಳಲ್ಲಿ ಟೆಟ್ರಿಸ್ ಪೆಟ್ಟಿಗೆಯೊಳಗೇ ಬಂದಿತು. ಆ ಯಂತ್ರವೂ ಅದರ ಬಣ್ಣದ ತಮ್ಮನೂ ಸೇರಿ 11 ಕೋಟಿ 80 ಲಕ್ಷಕ್ಕೂ ಮೇಲೆ ಮಾರಾಟವಾದವು. ಇದರಲ್ಲಿ ಆಟದ ಪಾಲೆಷ್ಟು, ಬೆಲೆಯ ಪಾಲೆಷ್ಟು, ಬೇಗ ತೀರದ ಬ್ಯಾಟರಿಯ ಪಾಲೆಷ್ಟು ಎಂದು ತಕ್ಕಡಿಯಲ್ಲಿ ತೂಗಲಾಗುವುದಿಲ್ಲ. ಆದರೂ ರೈಲಿನಲ್ಲಿ ಕುಳಿತ ಗುಮಾಸ್ತ, ಅಡಿಗೆಮನೆಯಲ್ಲಿ ಅನ್ನ ಬೇಯುವುದನ್ನು ಕಾಯುತ್ತಿದ್ದ ಗೃಹಿಣಿ, ಇಂಥವರ ಕೈಗೆ ಆ ಯಂತ್ರವನ್ನು ಸೇರಿಸಿದ್ದು ಟೆಟ್ರಿಸ್ಸೇ. ಈ ಯಂತ್ರವಿರುವುದು ಯಾತಕ್ಕೆ ಎಂಬುದನ್ನು ಅದು ಒಂದು ನಿಮಿಷದಲ್ಲಿ ತೋರಿಸಿಕೊಟ್ಟಿತು.

ಹಾಗಾದರೆ ಹುಡುಗ ಹೇಳಿದ್ದೇ ಸರಿಯಾಯಿತಲ್ಲ ಎನ್ನುತ್ತೀರೋ? ತಡೆಯಿರಿ. ಸೋನಿಯವರು 2011ರ ಕೊನೆಯಲ್ಲಿ ಜಪಾನಿನಲ್ಲಿ, ಮರುವರ್ಷ ಉಳಿದ ದೇಶಗಳಲ್ಲಿ, ವೀಟಾ ಎಂಬ ಕೈಯಂತ್ರವನ್ನು ಹೊರಡಿಸಿದರು. ನೋಡಲು ಲಕ್ಷಣವಾದ ಯಂತ್ರ. ದೊಡ್ಡ ಆಟಗಳನ್ನು ಕಟ್ಟುವವರು ಬೇಗನೆ ಅದರಿಂದ ದೂರ ಸರಿದರು. ಸಣ್ಣ ಸಣ್ಣ ತಂಡಗಳ ಆಟಗಳೇ ಅದರ ಜೀವಾಳವಾದವು. ಇದ್ದವರು ಅದನ್ನು ಎದೆಗವಚಿಕೊಂಡು ಪ್ರೀತಿಸಿದರು. ಇಲ್ಲದವರು ಕೊಳ್ಳಲಿಲ್ಲ. 2019ರಲ್ಲಿ ತಯಾರಿಕೆಯೇ ನಿಂತುಹೋಯಿತು.

ಇದು ಸುಲಭವಾದ ಲೆಕ್ಕ. ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರ ಫೆಬ್ರವರಿ 2ರಂದು ಬಂದಾಗ ಅದರ ಬೆಲೆ 49,990 ರೂಪಾಯಿ. ಒಂದು ಸಾವಿರ, ಒಂದೂವರೆ ಸಾವಿರದ ಆಟವೊಂದನ್ನು ಆಡುವುದಕ್ಕಾಗಿ ಐವತ್ತು ಸಾವಿರ ಸುರಿಯುವವರು ಎಷ್ಟು ಮಂದಿ ಸಿಕ್ಕಾರು? ಉಪ್ಪಿನಕಾಯಿ ಚೆನ್ನಾಗಿದೆಯೆಂದು ಯಾರೂ ಮದುವೆಮನೆಗೆ ಹೋಗುವುದಿಲ್ಲ.

ನಮ್ಮ ದೇಶದಲ್ಲಿಯೇ ಈ ಪ್ರಯೋಗ ಒಮ್ಮೆ ನಡೆದುಹೋಗಿದೆ. ಸೋನಿಯವರು ಪ್ಲೇಸ್ಟೇಷನ್ 2 ಎಂಬ ಯಂತ್ರವನ್ನು ಇಲ್ಲಿ ಮಾರುತ್ತಿದ್ದಾಗ, ಭಾರತದವರಿಗೇ ಎಂದು ಸಣ್ಣ ಆಟಗಳನ್ನು ಮಾಡಿಸಿದರು. 2009ರಲ್ಲಿ ಹೈದರಾಬಾದಿನ ಅರೋನಾ ಸಂಸ್ಥೆಯವರು ಕಟ್ಟಿದ 'ಹನುಮಾನ್: ಬಾಯ್ ವಾರಿಯರ್' ಬಂದಿತು, ಪ್ಲೇಸ್ಟೇಷನ್ನಿಗಾಗಿ ಪೂರ್ತಿಯಾಗಿ ಭಾರತದಲ್ಲಿಯೇ ಆದ ಮೊದಲನೆಯ ಆಟ ಎಂದು ಅದಕ್ಕೆ ಹೆಸರು. ಅದೇ ವರ್ಷ ಕಬಡ್ಡಿ, ಗಿಲ್ಲಿದಾಂಡು, ಗಾಳಿಪಟಗಳಿದ್ದ 'ದೇಸಿ ಅಡ್ಡಾ'. 2010ರಲ್ಲಿ 'ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್'. ದೇವರನ್ನು ಗುಂಡಿ ಒತ್ತಿ ಕುಣಿಸಬಹುದೇ ಎಂದು ಹನುಮಂತನ ಆಟಕ್ಕೆ ಪರದೇಶದಿಂದ ಆಕ್ಷೇಪಣೆಯೂ ಬಂದಿತು. ಬಯಲಾಟದಲ್ಲಿ ಹನುಮಂತನ ಬಾಲಕ್ಕೆ ನಕ್ಕು ಬೆಳೆದ ನಮಗೆ ಆ ಆಕ್ಷೇಪಣೆ ಅರ್ಥವಾಗುವುದು ಸ್ವಲ್ಪ ಕಷ್ಟ. ಅದಿರಲಿ. ಆಟ ಹೇಗಿತ್ತು ಎಂದು ಆಗ ಆಡಿದ್ದ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೇಳಿದೆ. "ಹನುಮಂತ ನಮ್ಮವನು ಸಾರ್, ಆಟ ಮಾತ್ರ ಸುಮಾರು" ಎಂದ.

ಆ ಆಟಗಳು ಯಂತ್ರವನ್ನು ಮಾರಿದವೇ? ಯಂತ್ರ ಆ ಹೊತ್ತಿಗೆ ಜಗತ್ತಿನಲ್ಲಿ ಒಂಬತ್ತು ವರ್ಷ ಹಳೆಯದಾಗಿ, ಅದರ ಉತ್ತರಾಧಿಕಾರಿ ಬಂದು ಮೂರು ವರ್ಷವಾಗಿತ್ತು. ಬೆಲೆ ಇಳಿದು ಮಧ್ಯಮ ವರ್ಗದ ಕೈಗೆ ಎಟುಕುವಂತಾಗಿದ್ದುದೇ ಅದರ ದೊಡ್ಡ ಆಕರ್ಷಣೆ. ಆದರೆ ಅಂಗಡಿಯಲ್ಲಿ ಮಗನ ಪಕ್ಕದಲ್ಲಿ ಅನುಮಾನದಿಂದ ನಿಂತಿದ್ದ ತಾಯಿ ತಂದೆಯರಿಗೆ ಹನುಮಂತನ ಚಿತ್ರವಿದ್ದ ಡಬ್ಬಿ ಒಂದು ಧೈರ್ಯ ಕೊಟ್ಟಿರಬೇಕು. ಬಂದೂಕು ಹಿಡಿದವನ ಚಿತ್ರ ಅದನ್ನು ಕೊಡಲಾರದು. ಕೊಳ್ಳುವವನು ಮಗ, ಹಣ ತೆರುವವನು ತಂದೆ. ಮೀಸಲು ಆಟ ಕೆಲವು ಸಲ ಆಡುವವನಿಗಲ್ಲ, ಹಣ ತೆರುವವನಿಗೆ ಇರುತ್ತದೆ.

ನಮ್ಮ ಬಡಾವಣೆಯ ಅನುಭವ ಇದಕ್ಕಿಂತ ಹಳೆಯದು. 1990ರ ದಶಕದಲ್ಲಿ ಕುರುಬರಹಳ್ಳಿ, ಕಮಲಾನಗರಗಳ ಎಷ್ಟೋ ಮನೆಗಳ ಟೀವಿಗೆ ಒಂದು ಅಗ್ಗದ ಪೆಟ್ಟಿಗೆ ತಗಲಿಕೊಂಡಿದ್ದಿತು. ನಿಂಟೆಂಡೋದವರು 1983ರಲ್ಲಿ ಜಪಾನಿನಲ್ಲಿ ಹೊರಡಿಸಿದ ಯಂತ್ರದ ನಕಲು ಅದು. ಅದರ ಕ್ಯಾಸೆಟ್ಟಿನ ಮೇಲೆ "ಒಂದರಲ್ಲಿ 9999 ಆಟ" ಎಂಬ ಘೋಷಣೆ. ಒಳಗಿರುತ್ತಿದ್ದುದು ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವ ಆಟ, ಹೀಗೆ ಒಂದು ಬೆರಳೆಣಿಕೆ. ಉಳಿದದ್ದೆಲ್ಲ ಅವುಗಳದೇ ಪುನರಾವರ್ತನೆ. ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಪಕ್ಕದ ಮನೆಯಲ್ಲಿ ಕುಳಿತು ಒಂದು ಭಾನುವಾರವೆಲ್ಲ ಬಾತುಕೋಳಿ ಹೊಡೆದದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆ ಪೆಟ್ಟಿಗೆಯನ್ನು ಮಾರಿದ್ದು ಯಾವ ಒಂದು ಆಟವೂ ಅಲ್ಲ, ಆ ಸಂಖ್ಯೆ. ಬೇಕಾದಷ್ಟು ಇದೆ, ಬೇಸಿಗೆ ರಜೆ ಪೂರ್ತಿ ಸಾಕಾಗುತ್ತದೆ ಎಂಬ ಭರವಸೆ.

ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ, ರಾಜಾಜಿನಗರದಲ್ಲಿ ಹೊಸ ಹಳೆಯ ಕನ್ಸೋಲ್‌ಗಳನ್ನು ಮಾರುವ ಅಂಗಡಿಯವರೊಬ್ಬರು ನನಗೆ ಹೇಳಿದರು. ಸಣ್ಣ ಆಟದ ಹೆಸರು ಹಿಡಿದು ಬಂದು ಪೆಟ್ಟಿಗೆ ಕೊಂಡವರನ್ನು ಅವರು ಕಂಡಿಲ್ಲವಂತೆ. ಎಲ್ಲರೂ ಕೇಳುವುದು ಫುಟ್‌ಬಾಲು, ಕ್ರಿಕೆಟ್ಟು, ಕಾರು ಓಡಿಸುವುದು, ಇವನ್ನೇ. "ಆದರೆ ಸಾರ್, ಆರು ತಿಂಗಳಿಗೇ ಪೆಟ್ಟಿಗೆ ವಾಪಸ್ ಮಾರಕ್ಕೆ ತರೋರು ಇರ್ತಾರಲ್ಲ, ಅವರೆಲ್ಲಾ ಹೇಳೋದು ಒಂದೇ, ಆಡಕ್ಕೆ ಏನೂ ಇಲ್ಲ ಅಂತ. ದೊಡ್ಡ ಆಟ ಒಂದೋ ಎರಡೋ ಮುಗಿಸಿರ್ತಾರೆ. ಸಣ್ಣಪುಟ್ಟವು ಆಡೋ ಅಭ್ಯಾಸ ಇರೋನು ಪೆಟ್ಟಿಗೆ ಬಿಡಲ್ಲ" ಎಂದರು. ನಾನು ಓದಿದ ಎಲ್ಲ ಬರಹಗಳಿಗಿಂತಲೂ ಈ ಮಾತು ನನಗೆ ಹೆಚ್ಚು ಬೆಳಕು ಕೊಟ್ಟಿತು.

ಏಕೆಂದರೆ ಕಂಪನಿಗೆ ಯಂತ್ರದ ಮಾರಾಟದಲ್ಲಿ ದೊರೆಯುವ ಲಾಭ ಅಲ್ಪ. ಕೆಲವು ಸಲ ಮೊದಮೊದಲು ನಷ್ಟವೇ. ಅವರ ಸಂಪಾದನೆ ಇರುವುದು ಆಮೇಲೆ ಮಾರಾಟವಾಗುವ ಆಟಗಳಲ್ಲಿ. ಅವರ ಅಂಗಡಿಯ ಮೂಲಕ ಮಾರಿದ ಆಟದಲ್ಲಿ ರೂಪಾಯಿಗೆ ಸುಮಾರು ಮೂವತ್ತು ಪೈಸೆ ಅವರಿಗೆ ಸಲ್ಲುವುದು ವಾಡಿಕೆ. ದೊಡ್ಡ ಆಟವೊಂದನ್ನು ಕಟ್ಟಲು ಈಗ ನೂರಾರು ಜನ, ನಾಲ್ಕೈದು ವರ್ಷ ಬೇಕು. ಎರಡು ದೊಡ್ಡ ಆಟಗಳ ನಡುವಣ ಬರಗಾಲದಲ್ಲಿ ಮನೆಯ ಪೆಟ್ಟಿಗೆಯ ಮೇಲೆ ಧೂಳು ಕೂಡದಂತೆ ನೋಡಿಕೊಳ್ಳಬೇಕಲ್ಲ, ಅದಕ್ಕೆ ಬೇಕು ಸಣ್ಣ ಆಟಗಳು.

ಆದರೆ ಅದಕ್ಕೆ ಅವು ಮೀಸಲಾಗಿಯೇ ಇರಬೇಕೆ? ಇಲ್ಲಿ ಕಂಪನಿಗಳಿಗೇ ಅನುಮಾನ ಬಂದಂತಿದೆ. 2022ರ ನವೆಂಬರಿನಲ್ಲಿ ಮೈಕ್ರೋಸಾಫ್ಟಿನವರಿಂದ ಪೆಂಟಿಮೆಂಟ್ ಎಂಬ ಸಣ್ಣ ಆಟ ಬಂದಿತು. ಹದಿನಾರನೆಯ ಶತಮಾನದ ಜರ್ಮನಿಯ ಮಠವೊಂದರಲ್ಲಿ ಹಸ್ತಪ್ರತಿಗಳಿಗೆ ಚಿತ್ರ ಬರೆಯುವವನೊಬ್ಬನ ಕಥೆ ಅದು. ಓದು ಬಲ್ಲವನ ಮಾತು ಒಂದು ಬಗೆಯ ಅಕ್ಷರದಲ್ಲಿ, ರೈತನ ಮಾತು ಇನ್ನೊಂದು ಬಗೆಯ ಅಕ್ಷರದಲ್ಲಿ ಮೂಡುತ್ತದೆ. ಲಿಪಿಕಾರನ ತಪ್ಪುಗಳೂ ಮೂಡಿ ಅಳಿಸಿಹೋಗುತ್ತವೆ. ತಾಳೆಗರಿಯ ಮುಂದೆ ಕಣ್ಣು ಸವೆಸಿದ ನನ್ನಂಥವನಿಗೆ ಇದನ್ನು ಕೇಳಿಯೇ ಹೊಟ್ಟೆಕಿಚ್ಚಾಯಿತು. ಅದನ್ನೂ, 'ಹೈ-ಫೈ ರಷ್' ಎಂಬ ಇನ್ನೊಂದನ್ನೂ ಸೇರಿಸಿ ನಾಲ್ಕು ಮೀಸಲು ಆಟಗಳನ್ನು 2024ರಲ್ಲಿ ಅವರೇ ಎದುರಾಳಿಗಳ ಪೆಟ್ಟಿಗೆಗಳಿಗೆ ಬಿಟ್ಟುಕೊಟ್ಟರು. ಮೀಸಲಿನಿಂದ ಯಂತ್ರಗಳು ರಾಶಿಯಾಗಿ ಮಾರುತ್ತಿದ್ದರೆ ಹಾಗೆ ಬಿಡುತ್ತಿದ್ದರೆ? ಹೈ-ಫೈ ರಷ್ ಕಟ್ಟಿದ ಜಪಾನಿನ ತಂಡವನ್ನಂತೂ, ಅಷ್ಟು ಹೊಗಳಿಕೆ ಬಂದಿದ್ದರೂ, ಅದೇ ವರ್ಷ ಮೇ ತಿಂಗಳಲ್ಲಿ ಮುಚ್ಚುವುದಾಗಿ ಸಾರಿದರು. ಆಗಸ್ಟಿನಲ್ಲಿ ಕೊರಿಯದ ಕ್ರಾಫ್ಟನ್ ಕಂಪನಿ, ನಮ್ಮ ಹುಡುಗರು ಫೋನಿನಲ್ಲಿ ಆಡುವ ಬಿಜಿಎಮ್‌ಐ ಆಟದ ಅದೇ ಕಂಪನಿ, ಆ ತಂಡವನ್ನು ಕೈಹಿಡಿದೆತ್ತಿತು.

ಈ ಸುದ್ದಿ ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವನ ಪ್ರಶ್ನೆಗೆ ಉತ್ತರ ಇಷ್ಟರಿಂದ ದೊರೆಯಿತು. ಸಣ್ಣ ಮೀಸಲು ಆಟ ಒಂಟಿಯಾಗಿ ಪೆಟ್ಟಿಗೆಯನ್ನು ಮಾರುವುದಿಲ್ಲ, ಟೆಟ್ರಿಸ್ಸಿನಂತೆ ಯಂತ್ರಕ್ಕೂ ಅದಕ್ಕೂ ಜೋಡಿ ಕೂಡಿಬಂದ ಹೊರತು. ಕೊಳ್ಳಲು ಮನಸ್ಸು ಮಾಡಿದವನು ಎರಡು ಪೆಟ್ಟಿಗೆಗಳ ನಡುವೆ ತೂಗಾಡುತ್ತಿದ್ದರೆ ಅಜ್ಜನ ಶಾರ್ಟ್‌ವೇವಿನಂತೆ ಒಂದು ಕಡೆಗೆ ವಾಲಿಸೀತು, ಕೊಂಡವನನ್ನು ಹಿಡಿದಿಟ್ಟೀತು. ಹಾಗಿರುವಾಗ ಕಂಪನಿಯವರು ಇವನಿಗೆ ಕೊಡುತ್ತಿರುವುದು ತಮ್ಮ ಅಂಗಡಿಯ ಕಪಾಟು ತುಂಬಿಸುವ ಹಣ.

ತಾಯಿಯ ಪ್ರಶ್ನೆ ಹೆಚ್ಚು ಕಠಿಣವಾದದ್ದು. ಆಟ ಪೆಟ್ಟಿಗೆಯನ್ನು ಮಾರುತ್ತದೆಯೇ ಎಂಬುದಕ್ಕಿಂತ, ಪೆಟ್ಟಿಗೆ ಆಟವನ್ನು ಮಾರುತ್ತದೆಯೇ ಎಂಬುದು ಆಕೆಗೆ ಮುಖ್ಯ. ಇದಕ್ಕೆ ಪುಣೆಯ ಉದಾಹರಣೆಯೊಂದಿದೆ. ಅಲ್ಲಿಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ 'ರಾಜಿ' ಎಂಬ ಆಟವನ್ನು ಕಟ್ಟಿತು. ದೇವದಾನವರ ನಡುವೆ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ. 2017ರಲ್ಲಿ ಜನರಿಂದ ಚಂದಾ ಎತ್ತಲು ಹೋಗಿ ಸೋತಿದ್ದ ತಂಡ ಅದು. 2020ರ ಆಗಸ್ಟ್ 18ರಂದು ಆಟ ಮೊದಲು ಹೊರಬಂದದ್ದು ಸ್ವಿಚ್ ಎಂಬ ಒಂದೇ ಪೆಟ್ಟಿಗೆಯಲ್ಲಿ. ನಿಂಟೆಂಡೋದವರು ಆಗ ಆ ಪೆಟ್ಟಿಗೆಯನ್ನು ಭಾರತದಲ್ಲಿ ತಾವಾಗಿ ಮಾರುತ್ತಲೇ ಇರಲಿಲ್ಲ! ನಮ್ಮ ದೇಶದ ಹುಡುಗಿಯ ಕಥೆ, ನಮ್ಮವರು ನೇರವಾಗಿ ಕೊಳ್ಳಲಾಗದ ಯಂತ್ರದಲ್ಲಿ. ಆದರೆ ಅದೇ ದಿನ ನಿಂಟೆಂಡೋದವರ ಪ್ರದರ್ಶನದಲ್ಲಿ ಅದನ್ನು ಜಗತ್ತೆಲ್ಲ ನೋಡಿತು. ಎರಡು ತಿಂಗಳು ಕೂಡ ತುಂಬುವ ಮೊದಲು, ಅಕ್ಟೋಬರ್ 15ರಂದು, ಉಳಿದ ಪೆಟ್ಟಿಗೆಗಳಿಗೂ ಗಣಕಯಂತ್ರಕ್ಕೂ ಬಂದಿತು. ವರ್ಷದ ಕೊನೆಗೆ ಅಮೆರಿಕದ ದೊಡ್ಡ ಪ್ರಶಸ್ತಿಯೊಂದಕ್ಕೆ ಚೊಚ್ಚಲು ಆಟಗಳ ಪಂಕ್ತಿಯಲ್ಲಿ ನಾಮಕರಣವೂ ಆಯಿತು.

ಎರಡು ತಿಂಗಳು. ನನ್ನ ಶಿಷ್ಯನಿಂದ ಕೇಳುತ್ತಿರುವುದು ಹನ್ನೆರಡು. ಸಣ್ಣ ಆಟದ ಹೆಸರು ಜನರ ಬಾಯಲ್ಲಿ ಒಂದು ವರ್ಷ ಉಳಿಯುವುದಿಲ್ಲ. ಬಿಡುಗಡೆಯ ಗದ್ದಲ ಅಡಗಿದ ಮೇಲೆ ಬೇರೆ ಪೆಟ್ಟಿಗೆಗೆ ಹೋದರೆ ಹಳಸಿದ ಅನ್ನ ಬಡಿಸಿದಂತಾದೀತು.

ಬೆಂಗಳೂರಿಗೆ ಈ ವಿದ್ಯೆ ಹೊಸದಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಇಲ್ಲಿ ಸ್ಥಾಪಿಸಿದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆಯಲ್ಲಿ ನಮ್ಮ ಹುಡುಗರು ಹೊರದೇಶದ ದೊಡ್ಡ ಆಟಗಳಿಗೆ ಕಾರು ಕಟ್ಟಡಗಳನ್ನು ರೂಪಿಸಿಕೊಟ್ಟರು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಕೂಲಿ ನೇಯ್ಗೆಯಲ್ಲಿ ನಮ್ಮವರ ಕೈ ಪಳಗಿದೆ. ಸ್ವಂತ ಮಗ್ಗ ಹೂಡುವವನಿಗೆ ನೂಲಿನ ಸಾಲವೂ ಸ್ವಂತದ್ದೇ ಎಂಬುದನ್ನು ಆ ತಾಯಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

ಎಂಟು ದಿನದ ಮೇಲೆ ಬಂದಾಗ ನಾನು ಹೇಳಿದ್ದು ಇಷ್ಟು. ಹಣ ಬೇಡವೆನ್ನಬೇಡ, ಬಳೆ ಬಿಡಿಸಲು ಅದು ಬೇಕು. ಅವಧಿಯನ್ನು ಮೂರು ತಿಂಗಳಿಗೆ ಇಳಿಸಲು ಕೇಳು, ಆರಕ್ಕಾದರೂ ಒಪ್ಪಿಸು. ಫೋನಿನಲ್ಲಿ ಹೊರತರುವ ಹಕ್ಕನ್ನು ಬರೆದುಕೊಡಬೇಡ, ನಿಮ್ಮ ಬೀದಿಯವರು ಆಡುವುದು ಅದರಲ್ಲೇ. ಕಾಗದಕ್ಕೆ ರುಜು ಹಾಕುವ ಮುನ್ನ ವಕೀಲರಿಗೆ ತೋರಿಸು.

"ಬೇಡ ಅಂದುಬಿಟ್ರೆ ಅವರು?" ಎಂದಳು ತಾಯಿ.

"ಅಂದರೆ ಬಳೆ ಇನ್ನೊಂದು ವರ್ಷ ಬ್ಯಾಂಕಿನಲ್ಲಿರುತ್ತೆ ಕಣಮ್ಮ" ಎಂದೆ. ಸುಳ್ಳು ಹೇಳಿ ಧೈರ್ಯ ತುಂಬುವುದು ನನಗೆ ಸರಿಕಾಣಲಿಲ್ಲ. ಆಕೆ ಮಗನ ಮುಖ ನೋಡಿ, "ಇರಲಿ ಬಿಡಿ" ಎಂದಳು.

ಹುಡುಗ ಕಂಪನಿಗೆ ಪತ್ರ ಬರೆದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಆಟದ ಕನ್ನಡವನ್ನು ತಿದ್ದಿಕೊಡಿ ಎಂದು ಮೊನ್ನೆ ತನ್ನ ಯಂತ್ರವನ್ನು ತಂದು ತೋರಿಸಿದ. ಮೊದಲ ಪರದೆಯಲ್ಲಿಯೇ 'ಮಗ್ಗ' ಎಂಬುದು 'ಮಗ್‌ಗ' ಎಂದು ಒಡೆದು ಕುಳಿತಿದ್ದಿತು. ಕಾಗುಣಿತ ಬರದವನೇನೋ ಎಂದು ನಾನು ಗದರಿಸಹೊರಟೆ. ತಪ್ಪು ಅವನದಲ್ಲವಂತೆ, ಆಟ ಕಟ್ಟುವ ಆ ಸಾಧನಕ್ಕೆ ನಮ್ಮ ಒತ್ತಕ್ಷರಗಳನ್ನು ಕೂಡಿಸಲು ಬಾರದು. ಒಂದೊಂದು ಒತ್ತಕ್ಷರವನ್ನೂ ಚಿತ್ರವಾಗಿ ಬರೆದು ಕೂರಿಸುತ್ತಿದ್ದಾನೆ. ಗ ವತ್ತು, ಕ ವತ್ತು, ಳ ವತ್ತುಗಳು ಮುಗಿದಿವೆ. ಈ ಭಾನುವಾರ ಷ್ಟ, ಷ್ಣಗಳ ಪಟ್ಟಿಯೊಂದಿಗೆ ಬರುತ್ತೇನೆಂದು ಹೇಳಿ ಹೋದ.